ಇಪ್ಪತ್ತು ಜನರನ್ನು ಕೂರಿಸಿ ಐಡಿಯಾ ಕೇಳಬೇಕು, ಇಬ್ಬರೇ ಮಾತಾಡದಂತೆ ಮಾಡುವುದು ಹೇಗೆ?

ಹುಣಸೆತೋಪು:
ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆಯ ಒಂದು ಊರು. ಪಂಚಾಯ್ತಿ ಗ್ರಂಥಾಲಯಕ್ಕೆ ಅರಿವು ಕೇಂದ್ರ ಅಂತ ಬೋರ್ಡು ಬಂದಿದೆ, ಗೋಡೆಗೆ ಬಣ್ಣವೂ ಆಗಿದೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಶಾಲೆ ಮಕ್ಕಳ ಹೆಸರನ್ನೆಲ್ಲ ಉಚಿತವಾಗಿ ಬರೆಸಿದ್ದಾರೆ. ಪುಸ್ತಕಗಳೂ ಇವೆ. ಮಕ್ಕಳು ಮಾತ್ರ ಬರುವುದಿಲ್ಲ. ಸಂಜೆ ಹೋದರೆ ಪೇಪರ್ ಓದುವ ನಾಲ್ಕು ಜನ ಹಿರಿಯರು, ಹೊರಗೆ ಜಗಲಿ ಮೇಲೆ ಮೊಬೈಲ್ ಹಿಡಿದು ಕೂತ ಹುಡುಗರು, ಅಷ್ಟೇ.

ಇದಕ್ಕೆ ಏನಾದರೂ ದಾರಿ ಹುಡುಕೋಣ ಅಂತ ಒಂದು ಭಾನುವಾರ ಎಲ್ಲರೂ ಸೇರುವುದು ಎಂದಾಗಿದೆ. ಸ್ತ್ರೀಶಕ್ತಿ ಸಂಘದವರು, ಎಸ್‌ಡಿಎಂಸಿಯವರು, ಇಬ್ಬರು ಮೇಷ್ಟ್ರು, ಹೈಸ್ಕೂಲಿನ ಕೆಲವು ಮಕ್ಕಳು, ಗ್ರಂಥಾಲಯದ ಮೇಲ್ವಿಚಾರಕರು, ಪಿಡಿಒ, ಅಧ್ಯಕ್ಷರು. ಹೆಚ್ಚುಕಮ್ಮಿ ಇಪ್ಪತ್ತು ಜನ, ಎರಡು ಗಂಟೆ ಟೈಮು. ‘ನೀನೇ ನಡೆಸಪ್ಪಾ, ಬೆಂಗಳೂರಲ್ಲಿ ಇದ್ದು ಬಂದವನು’ ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಹಿಂದೆ ಒಂದು ಸಭೆ ಆಗಿತ್ತು. ಇಬ್ಬರು ಒಂದು ಗಂಟೆ ಮಾತಾಡಿದರು, ಉಳಿದವರು ತಲೆ ಆಡಿಸಿದರು, ಕೊನೆಗೆ ‘ಕಂಪ್ಯೂಟರ್ ಬೇಕು’ ಅಂತ ಬರೆದುಕೊಂಡು ಬೋಂಡಾ ತಿಂದು ಮನೆಗೆ ಹೋದರು. ಈ ಸಲ ಹಾಗಾಗಬಾರದು. ಇಂಥದ್ದನ್ನು ನಡೆಸಿ ಗೊತ್ತಿರುವವರು ಹೇಳಿ.

ಬಣ್ಣದಪೆನ್ಸಿಲ್:
ಮೊದಲನೇ ಮಾತು, ಎಲ್ಲರನ್ನೂ ಸುತ್ತ ಕೂರಿಸಿ ‘ಹೂಂ, ಈಗ ಹೇಳಿ’ ಅನ್ನಬೇಡಿ. ಲೆಕ್ಕ ಹಾಕಿ ನೋಡಿ. 120 ನಿಮಿಷ, 20 ಜನ. ಸ್ವಾಗತ, ಟೀ ಎಲ್ಲ ಬಿಟ್ಟರೂ ತಲೆಗೆ 6 ನಿಮಿಷ. ಅದೂ ಎಲ್ಲರೂ ಸಮವಾಗಿ ಮಾತಾಡಿದರೆ. ಹಾಗೆ ಯಾವ ಊರಲ್ಲಿ ಆಗುತ್ತದೆ?

ಹೀಗೆ ಗುಂಪಾಗಿ ಕೂತು ಐಡಿಯಾ ಹುಡುಕುವ ಬ್ರೈನ್‌ಸ್ಟಾರ್ಮಿಂಗ್ ಅನ್ನುವುದನ್ನು ಜನಪ್ರಿಯ ಮಾಡಿದ್ದು ಅಲೆಕ್ಸ್ ಆಸ್‌ಬೋರ್ನ್ ಅನ್ನುವ ಅಮೆರಿಕದ ಜಾಹೀರಾತು ಕಂಪನಿಯವನು. ಅವನ ನಿಯಮಗಳು ನಾಲ್ಕೇ. ಯಾರ ಐಡಿಯಾವನ್ನೂ ಅಲ್ಲೇ ಟೀಕಿಸಬೇಡಿ, ಹುಚ್ಚುಚ್ಚಾಗಿ ಕಂಡರೂ ಹೇಳಿ, ಎಷ್ಟು ಜಾಸ್ತಿ ಬಂದರೆ ಅಷ್ಟು ಒಳ್ಳೆಯದು, ಒಬ್ಬರದಕ್ಕೆ ಇನ್ನೊಬ್ಬರು ಸೇರಿಸಿ ಬೆಳೆಸಿ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಟೇಲರ್, ಬೆರಿ, ಬ್ಲಾಕ್ ಅನ್ನುವವರು ಇದನ್ನು ಪರೀಕ್ಷೆ ಮಾಡಿ ನೋಡಿದರು. ನಾಲ್ಕು ಜನ ಒಟ್ಟಿಗೆ ಕೂತು ಯೋಚಿಸಿದ್ದು ಒಂದು ಕಡೆ. ನಾಲ್ಕು ಜನ ಬೇರೆ ಬೇರೆ ಕೂತು ಯೋಚಿಸಿದ್ದನ್ನು ಆಮೇಲೆ ಕೂಡಿಸಿದ್ದು ಇನ್ನೊಂದು ಕಡೆ. ಬೇರೆ ಬೇರೆ ಕೂತವರದು ಹತ್ತಿರ ಹತ್ತಿರ ಎರಡರಷ್ಟು ಬಂತು! (ಅವರು ಕೇಳಿದ ಒಂದು ಪ್ರಶ್ನೆ ತಮಾಷೆಯಾಗಿದೆ: ಎಲ್ಲರಿಗೂ ಎರಡು ಕೈಗೂ ಒಂದೊಂದು ಹೆಬ್ಬೆರಳು ಜಾಸ್ತಿ ಇದ್ದರೆ ಏನೇನಾಗುತ್ತದೆ?)

ಯಾಕೆ ಹೀಗೆ ಅಂತ 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ತೋರಿಸಿದರು. ಜನ ಸೋಮಾರಿಗಳು, ಜನಕ್ಕೆ ನಾಚಿಕೆ ಅನ್ನುವುದು ಮುಖ್ಯ ಕಾರಣ ಅಲ್ಲ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕಲ್ಲ, ಅದೇ ಪೆಟ್ಟು. ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ ಕೂರಿಸಿ, ಇನ್ನೊಬ್ಬರು ಮಾತಾಡುವಾಗ ದೀಪದ ಸಿಗ್ನಲ್ ಕೊಟ್ಟು ಕಾಯಿಸಿದರೂ ಐಡಿಯಾ ಕಮ್ಮಿಯಾದವು. ಸರದಿ ಬರುವಷ್ಟರಲ್ಲಿ ಹೇಳಬೇಕಿದ್ದದ್ದು ಮರೆತಿರುತ್ತದೆ, ಇಲ್ಲವೇ ‘ಅಯ್ಯೋ ಇದೇನು ಹೇಳೋದು’ ಅನ್ನಿಸಿಬಿಡುತ್ತದೆ.

ಆದ್ದರಿಂದ ಮೊದಲ ಹತ್ತು ನಿಮಿಷ ಯಾರೂ ಮಾತಾಡಬಾರದು. ಒಬ್ಬೊಬ್ಬರೂ ಚೀಟಿಯಲ್ಲಿ ಬರೆಯಲಿ. ಮಾತು ಆಮೇಲೆ. ಆಸ್‌ಬೋರ್ನ್ ಕೂಡ ಗುಂಪಿನ ಯೋಚನೆ ಒಂಟಿ ಯೋಚನೆಯ ಜೊತೆಗೆ ಇರಲಿ ಎಂದವನೇ ಹೊರತು, ಅದರ ಬದಲಿಗೆ ಅಂತ ಹೇಳಿದವನಲ್ಲ.

ಸಿಲ್ಕ್‌ಬೋರ್ಡ್‌ವಾಸಿ:
ಮೇಡಂ ಹೇಳಿದ್ದು ಸರಿ. ನಮ್ಮ ಆಫೀಸಿನಲ್ಲಿ 6-3-5 ಅಂತ ಒಂದನ್ನು ಮಾಡಿಸುತ್ತಾರೆ. ಬೆರ್ನ್ಡ್ ರೋರ್‌ಬಾಕ್ ಅನ್ನುವ ಜರ್ಮನಿಯವನು 1968ರಲ್ಲಿ ಕೊಟ್ಟ ಪದ್ಧತಿ. 6 ಜನ ಒಂದು ಮೇಜಿಗೆ. ಒಬ್ಬೊಬ್ಬರೂ ಒಂದು ಹಾಳೆಯಲ್ಲಿ 3 ಐಡಿಯಾ ಬರೆಯಬೇಕು, 5 ನಿಮಿಷ. ಆಮೇಲೆ ಹಾಳೆಯನ್ನು ಪಕ್ಕದವರಿಗೆ ದಾಟಿಸಬೇಕು. ಅವರು ಮೇಲಿರುವ ಮೂರನ್ನು ಓದಿ, ಅದರ ಕೆಳಗೆ ಇನ್ನು ಮೂರು. ಹಾಳೆ ಒಂದು ಸುತ್ತು ಬರುವಷ್ಟರಲ್ಲಿ ಅರ್ಧ ಗಂಟೆ, ಲೆಕ್ಕದ ಪ್ರಕಾರ 108 ಐಡಿಯಾ. ಅಷ್ಟೋತ್ತರವೇ ಆಯಿತು ನೋಡಿ 😄

ಆದರೆ 108ಕ್ಕೆ ಮರುಳಾಗಬೇಡಿ. ಅದರಲ್ಲಿ ಅರ್ಧಕ್ಕರ್ಧ ಒಂದೇ ಮಾತು ಬೇರೆ ಬೇರೆ ಥರ ಇರುತ್ತದೆ. ಒಳ್ಳೆಯ ಮಾಲು ಸಿಗುವುದು ಮೂರನೇ, ನಾಲ್ಕನೇ ಸುತ್ತಿನಲ್ಲಿ. ಸುಲಭದ್ದೆಲ್ಲ ಖಾಲಿಯಾಗಿ ‘ಇನ್ನೇನು ಬರೆಯಲಿ’ ಅಂತ ತಲೆ ಕೆರೆದುಕೊಳ್ಳುವಾಗ. ನಿಮ್ಮ ಇಪ್ಪತ್ತು ಜನಕ್ಕೆ ಮೂರು ಗುಂಪು ಸಾಕು.

ಹಳೇಪೇಟೆ:
ಆಫೀಸಿನವರು ಆಫೀಸಿನ ಮಾತು ಹೇಳುತ್ತಿದ್ದೀರಿ, ತಪ್ಪು ತಿಳಿಯಬೇಡಿ. ಸಂಘದ ಹೆಂಗಸರಲ್ಲಿ ಎಷ್ಟು ಜನಕ್ಕೆ ಪೆನ್ನು ಹಿಡಿದು ಮೂರು ಸಾಲು ಬರೆದು ಅಭ್ಯಾಸ ಇದೆ? ಸಹಿ ಹಾಕುತ್ತಾರೆ, ಪಾಸ್‌ಬುಕ್ ಲೆಕ್ಕ ನಾಲಿಗೆ ತುದಿಯಲ್ಲಿ ಇರುತ್ತದೆ, ಆದರೆ ಹಾಳೆ ಕೊಟ್ಟು ‘ಬರೀರಿ’ ಎಂದರೆ ಪಕ್ಕದಲ್ಲಿ ಕೂತ ಹೈಸ್ಕೂಲ್ ಹುಡುಗನ ಮುಂದೆ ಮರ್ಯಾದೆ ಹೋಯಿತು ಅಂದುಕೊಂಡು ಸುಮ್ನೆ ಕೂರುತ್ತಾರೆ. ಬಾಯಿ ಮುಚ್ಚಿಸೋಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಮೊದಲಿನ ಸಭೆಯಲ್ಲಿ ಇಬ್ಬರು ಮಾತಾಡಿದರು, ಈ ಸಲ ಬರೆಯಲು ಬರುವ ಎಂಟು ಜನ ಬರೆಯುತ್ತಾರೆ. ಎಂಥ ಸುಧಾರಣೆ?

ಇನ್ನೊಂದು. ಜನ ಸಭೆಗೆ ಬರುವುದು ಮಾತಾಡೋಕೆ. ಪರೀಕ್ಷೆ ಬರೆಯೋಕಲ್ಲ.

ಬಣ್ಣದಪೆನ್ಸಿಲ್:
@ಹಳೇಪೇಟೆ ಸರ್, ಇದನ್ನು ಒಪ್ಪುತ್ತೇನೆ. ಬರೆಯುವುದೇ ಮುಖ್ಯ ಅಲ್ಲ, ಒಬ್ಬರು ಮಾತಾಡುವಾಗ ಹತ್ತೊಂಬತ್ತು ಜನ ಕಾಯಬಾರದು, ಅದು ಮುಖ್ಯ. ಇಬ್ಬಿಬ್ಬರಾಗಿ ಕೂತು ಮಾತಾಡಿದರೆ ಒಂದೇ ಹೊತ್ತಿಗೆ ಹತ್ತು ಜನ ಮಾತಾಡಿದಂತಾಯಿತು. ಒಬ್ಬರು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ.

ಕಟ್ಟೆಪುರಾಣ:
ತಮ್ಮಾ ಹುಣಸೆತೋಪು, ನಾನು ಹಿಂದೆ ಒಂದು ಸಂಸ್ಥೆಯಲ್ಲಿ ಹಳ್ಳಿ ಕೆಲಸ ಮಾಡುತ್ತಿದ್ದವನು, ಈಗ ನಿವೃತ್ತಿ. ಹಳೇಪೇಟೆಯವರು ಎತ್ತಿದ ಪ್ರಶ್ನೆಗೆ ಹಳೆಯ ಉತ್ತರ ಇದೆ, ಅದೂ ನಮ್ಮ ನೆಲದಲ್ಲೇ ಬೆಳೆದದ್ದು.

ಎಂಬತ್ತರ ದಶಕದ ಕೊನೆಗೆ ಪಿಆರ್‌ಎ (ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್, ಅಂದರೆ ಊರಿನವರೇ ಸೇರಿ ತಮ್ಮ ಊರಿನ ಸ್ಥಿತಿ ನೋಡುವುದು) ಅಂತ ಒಂದು ವಿಧಾನ ಶುರುವಾಯಿತು. ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ ಹೆಸರು ಅದಕ್ಕೆ ಅಂಟಿಕೊಂಡಿದೆ, ಆದರೆ ಅದನ್ನು ಊರೂರಲ್ಲಿ ಮಾಡಿ ಪಳಗಿಸಿದವರಲ್ಲಿ ನಮ್ಮ ಬೆಂಗಳೂರಿನ ಮೈರಾಡ ಸಂಸ್ಥೆಯೂ ಒಂದು. ಕಾಗದ ಇಲ್ಲ, ಪೆನ್ನು ಇಲ್ಲ. ಊರ ನಡುವೆ ಒಂದು ಜಾಗ ಗುಡಿಸಿ, ರಂಗೋಲಿ ಪುಡಿ ಕೊಟ್ಟು ‘ನಿಮ್ಮೂರನ್ನು ಬರೆಯಿರಿ’ ಅಂತ ಹೇಳುವುದು. ಹೆಂಗಸರು ರಂಗೋಲಿ ಹಿಡಿದರೆಂದರೆ ಆಮೇಲೆ ಯಾರೂ ಹೇಳಿಕೊಡಬೇಕಿಲ್ಲ. ರಸ್ತೆ, ಬಾವಿ, ಗುಡಿ, ಯಾರ ಮನೆ ಎಲ್ಲಿ, ಯಾವ ಮನೆಯಲ್ಲಿ ಎಷ್ಟು ಮಕ್ಕಳು, ಎಲ್ಲ ಕಲ್ಲು, ಎಲೆ, ಕಾಳು ಇಟ್ಟು ತೋರಿಸುತ್ತಾರೆ. ಒಬ್ಬರು ತಪ್ಪು ಹಾಕಿದರೆ ಇನ್ನೊಬ್ಬರು ‘ಅಲ್ಲ ಕಣೇ, ಆ ಮನೆ ಮೋರಿ ಆಚೆಗೆ’ ಅಂತ ತಿದ್ದುತ್ತಾರೆ. ಅಷ್ಟೂ ಜನ ಒಟ್ಟಿಗೆ ಕೆಲಸ ಮಾಡುತ್ತಿರುತ್ತಾರೆ, ಯಾರೂ ಸರದಿ ಕಾಯುವುದಿಲ್ಲ.

ನಿನಗೆ ಬೇಕಾದದ್ದು ಗ್ರಂಥಾಲಯದ ನಕ್ಷೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಯಾವ ದಾರಿಯಲ್ಲಿ ಹೋಗುತ್ತಾರೆ, ಗ್ರಂಥಾಲಯ ಆ ದಾರಿಯಲ್ಲಿ ಇದೆಯೋ ಇಲ್ಲವೋ, ಎಲ್ಲಿ ಬೀದಿ ದೀಪ ಇಲ್ಲ, ಎಲ್ಲಿ ನಾಯಿ ಕಾಟ, ಯಾವ ಅಂಗಡಿ ಮುಂದೆ ಹೆಣ್ಣುಮಕ್ಕಳು ಹಾದುಹೋಗೋಕೆ ಹಿಂಜರಿಯುತ್ತಾರೆ. ಇದನ್ನು ಬಾಯಲ್ಲಿ ಕೇಳಿದರೆ ಯಾರೂ ಹೇಳುವುದಿಲ್ಲ. ನಕ್ಷೆ ಬಿಡಿಸುವಾಗ ತಾನಾಗಿ ಬರುತ್ತದೆ.

ಎರಡು ಎಚ್ಚರ. ರಂಗೋಲಿ ಡಬ್ಬಿ ಯಾರ ಕೈಯಲ್ಲಿದೆ ನೋಡುತ್ತಿರು, ಮೇಷ್ಟ್ರು ಕಿತ್ತುಕೊಂಡರೆ ಅದು ಮೇಷ್ಟ್ರ ನಕ್ಷೆ. ಹುಡುಗಿಯರಿಗೆ ಬೇರೆ ನಕ್ಷೆಯೇ ಇರಲಿ. ಅಪ್ಪಂದಿರ ಎದುರು ಅವರು ಬಿಡಿಸುವ ಊರೇ ಬೇರೆ.

ಸಿಲ್ಕ್‌ಬೋರ್ಡ್‌ವಾಸಿ:
ಅಣ್ಣ, ಇದನ್ನು ನಮ್ಮ ಆಫೀಸಿಗೆ ತರಬೇಕು. ಕಾರ್ಪೆಟ್ ಮೇಲೆ ರಂಗೋಲಿ ಹಾಕಿದರೆ ಹೌಸ್‌ಕೀಪಿಂಗ್‌ನವರು ನನ್ನನ್ನು ಓಡಿಸುತ್ತಾರೆ, ಬೇರೆ ಮಾತು.

ಚಾಕ್‌ಪೀಸ್:
ಎಲ್ಲರೂ ಹೇಗೆ ಕೂರಬೇಕು, ಹೇಗೆ ಬರೆಯಬೇಕು ಅಂತ ಹೇಳಿದಿರಿ. ಪ್ರಶ್ನೆ ಏನು ಅಂತ ಯಾರೂ ಕೇಳಲಿಲ್ಲ. ನನ್ನ ಪ್ರಕಾರ ಅರ್ಧ ಸಭೆಗಳು ಅಲ್ಲೇ ಕೆಡುತ್ತವೆ.

‘ಗ್ರಂಥಾಲಯದ ಅಭಿವೃದ್ಧಿ ಹೇಗೆ’ ಅಂತ ಬೋರ್ಡ್ ಮೇಲೆ ಬರೆದರೆ ಕಂಪ್ಯೂಟರ್, ಕಾಂಪೌಂಡ್, ಕುರ್ಚಿ, ಇನ್ವರ್ಟರ್ ಬರುತ್ತವೆ. ದುಡ್ಡು ಕೇಳುವ ಪಟ್ಟಿ ಅದು. ಅದರ ಬದಲು ಒಂದು ಮಗುವನ್ನು ಕಣ್ಣ ಮುಂದೆ ಇಟ್ಟುಕೊಂಡು ಕೇಳಿ: ‘ಏಳನೇ ಕ್ಲಾಸಿನ ಹುಡುಗಿ ವಾರಕ್ಕೆ ಎರಡು ಸಂಜೆ ಇಲ್ಲಿಗೆ ಬಂದು ಅರ್ಧ ಗಂಟೆ ಕೂರಬೇಕಾದರೆ ಏನು ಬದಲಾಗಬೇಕು?’ ಆಗ ಅವಳ ಮನೆಗೆಲಸ, ಅವಳ ತಮ್ಮನನ್ನು ನೋಡಿಕೊಳ್ಳುವುದು, ಟ್ಯೂಷನ್ ಟೈಮು, ಕತ್ತಲಾಗುವುದು, ಎಲ್ಲ ಮೇಜಿಗೆ ಬರುತ್ತದೆ.

ಮಕ್ಕಳು ಇರುವುದರಿಂದ ಇನ್ನೊಂದು ಉಪಾಯ. ಪ್ರಶ್ನೆಯನ್ನು ತಿರುಗಿಸಿ. ‘ಈ ಗ್ರಂಥಾಲಯಕ್ಕೆ ಒಂದು ಮಗುವೂ ಬರದ ಹಾಗೆ ಮಾಡಬೇಕು, ಏನೇನು ಮಾಡೋಣ?’ ಅಂತ ಕೇಳಿ. ದೊಡ್ಡವರ ಎದುರು ದೂರು ಹೇಳೋಕೆ ಹೆದರುವ ಮಕ್ಕಳು ಇದಕ್ಕೆ ಮುಗಿಬೀಳುತ್ತಾರೆ. ಬೀರುವಿಗೆ ಬೀಗ ಹಾಕಿ, ಪುಸ್ತಕ ಮುಟ್ಟಿದರೆ ಗದರಿಸಿ, ಶಾಲೆ ನಡೆಯುವ ಹೊತ್ತಲ್ಲೇ ತೆರೆದಿಡಿ, ಫ್ಯಾನಿನ ಕೆಳಗೆ ತಾತಂದಿರನ್ನೇ ಕೂರಿಸಿ... ಎಲ್ಲರೂ ನಗುತ್ತಾರೆ. ಎರಡು ನಿಮಿಷ ಬಿಟ್ಟು ‘ಇದರಲ್ಲಿ ಈಗಾಗಲೇ ನಡೆಯುತ್ತಿರುವುದು ಯಾವುದು?’ ಅಂತ ಕೇಳಿ. ಯಾರ ಮೇಲೂ ಬೆರಳು ತೋರಿಸದೆ ರೋಗ ಗೊತ್ತಾಗುತ್ತದೆ.

ಮೇಲ್ವಿಚಾರಕರಿಗೆ ಮಾತ್ರ ಇದನ್ನು ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ ಅವರಿಗೆ ಎಲ್ಲರೂ ಸೇರಿ ತಮ್ಮನ್ನು ಆಡಿಕೊಂಡ ಹಾಗೆ ಆಗುತ್ತದೆ, ಪಾಪ. ಅವರ ಸಂಬಳ, ಅವರ ಕೆಲಸದ ಅವಧಿ ಅವರ ಕೈಯಲ್ಲಿ ಇರುವುದಲ್ಲ.

ಹುಣಸೆತೋಪು:
ಮೇಡಂ, ಇದು ಬಹಳ ಚೆನ್ನಾಗಿದೆ. ಅಣ್ಣ, ರಂಗೋಲಿ ನಕ್ಷೆ ಖಂಡಿತ ಮಾಡಿಸುತ್ತೇನೆ. ಈಗ ನನ್ನ ದೊಡ್ಡ ತಲೆನೋವು ಹೇಳುತ್ತೇನೆ. ಅಧ್ಯಕ್ಷರು. ಒಳ್ಳೆಯವರು, ಊರಿಗೆ ಏನಾದರೂ ಆಗಲಿ ಅನ್ನುವವರೇ. ಆದರೆ ಮೈಕ್ ಕೈಗೆ ಬಂದರೆ ಬಿಡುವುದಿಲ್ಲ, ಅವರು ಒಂದು ಮಾತು ಹೇಳಿದ ಮೇಲೆ ಬೇರೆಯವರು ಬೇರೆ ಮಾತು ಹೇಳುವುದಿಲ್ಲ. ‘ನೀವು ಸುಮ್ಮನಿರಿ’ ಅಂತ ನಾನು ಹೇಳೋಕಾಗುತ್ತಾ?

ಹಳೇಪೇಟೆ:
ಹೇಳಿ ನೋಡಿ, ಮುಂದಿನ ಸಭೆಗೆ ನಿಮ್ಮನ್ನು ಕರೆಯುವುದಿಲ್ಲ, ಸಮಸ್ಯೆ ಬಗೆಹರಿಯಿತು.

ಬಣ್ಣದಪೆನ್ಸಿಲ್:
ಮೈಕ್ ತರಿಸಬೇಡಿ. ಇಪ್ಪತ್ತು ಜನಕ್ಕೆ ಮೈಕ್ ಯಾಕೆ?

ಕಟ್ಟೆಪುರಾಣ:
ಸಭೆಯಲ್ಲಿ ಹೇಳಬಾರದು. ಹಿಂದಿನ ದಿನ ಮನೆಗೆ ಹೋಗಿ ಹೇಳಬೇಕು. ‘ನೀವು ಮೊದಲು ಮಾತಾಡಿದರೆ ಎಲ್ಲರೂ ನಿಮ್ಮ ಮಾತಿಗೇ ಹೂಂ ಅನ್ನುತ್ತಾರೆ, ಅವರ ಮನಸ್ಸಲ್ಲಿ ಇರೋದು ನಿಮಗೂ ಗೊತ್ತಾಗಲ್ಲ’ ಅಂತ ಹೇಳು. ಇದು ಸುಳ್ಳೂ ಅಲ್ಲ. ಶುರುವಿನಲ್ಲಿ ಐದು ನಿಮಿಷ ಸ್ವಾಗತ, ಜೊತೆಗೆ ಪಂಚಾಯ್ತಿಯಿಂದ ಎಷ್ಟು ಮಾಡಬಹುದು, ಯಾವುದು ಆಗುವುದಿಲ್ಲ ಅಂತ ಅವರೇ ಹೇಳಲಿ. ಆಮೇಲೆ ಪಿಡಿಒ ಜೊತೆ ಹೊರಗೆ ಟೀ ಕುಡಿಯಲಿ. ಕೊನೆಯ ಅರ್ಧ ಗಂಟೆಗೆ ಬಂದು ಎಲ್ಲ ನೋಡಿ, ಏನು ಮಾಡುತ್ತೇವೆ ಅಂತ ಅವರ ಬಾಯಿಂದಲೇ ಹೇಳಲಿ. ಮೊದಲ ಮಾತೂ ಅವರದು, ಕೊನೆಯ ಮಾತೂ ಅವರದು. ಮರ್ಯಾದೆಗೆ ಕಮ್ಮಿ ಎಲ್ಲಿ?

ರಾತ್ರಿಪಾಳಿ:
ಸ್ವಲ್ಪ ಬೇರೆ ವಿಷಯ, ಆನ್‌ಲೈನ್ ಮೀಟಿಂಗ್ ನಡೆಸುವವರಿಗೆ. ಎಲ್ಲರೂ ತಮ್ಮ ಐಡಿಯಾವನ್ನು ಚಾಟ್‌ನಲ್ಲಿ ಟೈಪ್ ಮಾಡಿ ಇಟ್ಟುಕೊಳ್ಳಲಿ, ಕಳಿಸಬಾರದು. ‘ಒಂದು, ಎರಡು, ಮೂರು’ ಎಂದಾಗ ಒಟ್ಟಿಗೆ ಕಳಿಸುವುದು. ಮೊದಲು ಬಂದ ಐಡಿಯಾ ನೋಡಿ ಎಲ್ಲರೂ ಅದನ್ನೇ ಹೇಳುವುದು ತಪ್ಪುತ್ತದೆ. ಖರ್ಚಿಲ್ಲದ ಉಪಾಯ.

ಸಿಲ್ಕ್‌ಬೋರ್ಡ್‌ವಾಸಿ:
ಚೀಟಿಗಳು ಬಂದ ಮೇಲೆ ಏನು ಮಾಡುತ್ತೀರಿ ಅಂತ ಯೋಚಿಸಿದ್ದೀರಾ? ಅಲ್ಲೇ ಎಲ್ಲರೂ ಸುಸ್ತಾಗುವುದು. ಜಪಾನಿನ ಜಿರೋ ಕವಾಕಿತ ಅಂತ ಒಬ್ಬರಿದ್ದರು, ಮಾನವಶಾಸ್ತ್ರದವರು, ನೇಪಾಳದ ಹಳ್ಳಿಗಳಲ್ಲಿ ಕೆಲಸ ಮಾಡಿ ಮ್ಯಾಗ್ಸೆಸೆ ಪ್ರಶಸ್ತಿಯನ್ನೂ ಪಡೆದವರು. ಓಡಾಡಿ ತಂದ ರಾಶಿ ಟಿಪ್ಪಣಿಗಳನ್ನು ಜೋಡಿಸೋಕೆ ಅವರು ಮಾಡಿಕೊಂಡ ಪದ್ಧತಿಗೆ ಅವರ ಹೆಸರಿನ ಅಕ್ಷರಗಳಿಂದಲೇ ಕೆಜೆ ಅಂತ ಹೆಸರು. ಒಂದು ಚೀಟಿಗೆ ಒಂದೇ ಮಾತು. ಎಲ್ಲ ಚೀಟಿ ಹರಡಿ, ಓದಿ, ಒಂದಕ್ಕೊಂದು ಹತ್ತಿರ ಅನ್ನಿಸಿದ್ದನ್ನು ಪಕ್ಕಪಕ್ಕ ಇಡುತ್ತಾ ಹೋಗುವುದು. ಗುಂಪಿಗೆ ಹೆಸರು ಕೊನೆಗೆ. ನಾವು ಮಾಡುವುದು ಉಲ್ಟಾ. ಮೊದಲೇ ‘ಮೂಲಸೌಕರ್ಯ, ಜಾಗೃತಿ, ಅನುದಾನ’ ಅಂತ ಮೂರು ಕಂಬ ಎಳೆದು ಚೀಟಿಗಳನ್ನು ಅದಕ್ಕೆ ತುರುಕುತ್ತೇವೆ. ಆಗ ‘ನನಗೆ ಅಲ್ಲಿ ಕೂತರೆ ಭಯ ಆಗುತ್ತದೆ’ ಎಂದು ಬರೆದ ಚೀಟಿ ಯಾವ ಕಂಬಕ್ಕೂ ಸೇರದೆ ‘ಇತರೆ’ಗೆ ಹೋಗುತ್ತದೆ.

ಪೋಸ್ಟ್-ಇಟ್ ಅಂಟುಚೀಟಿಗೆ ದುಡ್ಡು ಹಾಕಬೇಡಿ. ಸುಣ್ಣದ ಗೋಡೆಗೆ ಅದು ನಿಲ್ಲುವುದಿಲ್ಲ, ಫ್ಯಾನ್ ಹಾಕಿದರೆ ಮುಗೀತು. ಹಳೆಯ ಮದುವೆ ಕಾರ್ಡುಗಳ ಹಿಂಭಾಗ, ಕ್ಯಾಲೆಂಡರ್ ಹಿಂಭಾಗ ಸಾಕು. ದಪ್ಪ ಸ್ಕೆಚ್ ಪೆನ್ನು ಮಾತ್ರ ಇರಲಿ, ಬಾಲ್ ಪೆನ್ನಿನಲ್ಲಿ ಬರೆದದ್ದು ದೂರಕ್ಕೆ ಕಾಣುವುದಿಲ್ಲ.

ಚಾಕ್‌ಪೀಸ್:
ಓದಲು ಬಾರದವರೂ ಇರುತ್ತಾರೆ, ಆದ್ದರಿಂದ ಪ್ರತಿ ಚೀಟಿಯನ್ನೂ ಒಬ್ಬರು ಗಟ್ಟಿಯಾಗಿ ಓದಲಿ. ಬರೆದವರು ಯಾರು ಅಂತ ಹೇಳಬಾರದು.

ಕಟ್ಟೆಪುರಾಣ:
ಆರಿಸುವುದಕ್ಕೆ ಕೈ ಎತ್ತಿಸಬೇಡ. ಹುಣಸೆಬೀಜ ಹಂಚು, ನಿನ್ನ ಹೆಸರಲ್ಲೇ ಇದೆಯಲ್ಲ! ತಲೆಗೆ ಐದು ಬೀಜ. ಯಾವುದು ಮುಖ್ಯ ಅನ್ನಿಸುತ್ತದೋ ಆ ಗುಂಪಿನ ಮೇಲೆ ಇಡಲಿ. ಅಜ್ಜಿಗೂ ಐದು, ಆರನೇ ಕ್ಲಾಸ್ ಹುಡುಗನಿಗೂ ಐದು.

ಹುಣಸೆತೋಪು:
ಸಭೆ ಆಯಿತು. ಹೇಳಿದ್ದರಲ್ಲಿ ಹೆಚ್ಚಿನದನ್ನು ಮಾಡಿದೆ, ಆದದ್ದನ್ನು ಹೇಳುತ್ತೇನೆ.

ಅಧ್ಯಕ್ಷರ ಮನೆಗೆ ಹಿಂದಿನ ಸಂಜೆ ಹೋಗಿ ಮಾತಾಡಿದೆ. ‘ಆಯ್ತು ಬಿಡಪ್ಪಾ’ ಎಂದರು, ಆದರೂ ಸ್ವಾಗತ ಐದು ನಿಮಿಷ ಅಂದದ್ದು ಇಪ್ಪತ್ತಾಯಿತು. ಪರವಾಗಿಲ್ಲ, ಆಮೇಲೆ ಹೊರಗೆ ಹೋದರು.

ತಿರುಗಿಸಿದ ಪ್ರಶ್ನೆಯೇ ಸಭೆಯನ್ನು ಎತ್ತಿ ನಿಲ್ಲಿಸಿದ್ದು. ಶುರುವಿನಲ್ಲಿ ಮಕ್ಕಳು ಮೇಷ್ಟ್ರ ಮುಖ ನೋಡುತ್ತಿದ್ದರು. ಮೇಲ್ವಿಚಾರಕರೇ ಮೊದಲು ‘ನಾನು ಬಾಗಿಲಲ್ಲೇ ಕೂತು ಗುರಾಯಿಸುತ್ತೇನೆ, ಯಾರೂ ಬರಲ್ಲ’ ಅಂದರು. ಎಲ್ಲರೂ ನಕ್ಕರು. ಅಲ್ಲಿಂದ ನಿಲ್ಲಲೇ ಇಲ್ಲ.

ರಂಗೋಲಿ ನಕ್ಷೆಯಲ್ಲಿ ಎರಡು ಊರು ಬಂತು, ಅಣ್ಣ ಹೇಳಿದ ಹಾಗೇ. ಹುಡುಗರ ನಕ್ಷೆಯಲ್ಲಿ ಶಾಲೆಯಿಂದ ಗ್ರಂಥಾಲಯಕ್ಕೆ ನೇರ ಗೆರೆ. ಹುಡುಗಿಯರ ನಕ್ಷೆಯಲ್ಲಿ ಅದು ಗುಡಿ ಹಿಂದಿನಿಂದ ಸುತ್ತಿಕೊಂಡು ಬರುತ್ತದೆ. ಯಾಕೆ ಅಂದರೆ ಜಗಲಿ ಮೇಲೆ ಕೂರುವ ಹುಡುಗರು. ನಾವ್ಯಾರೂ ಇದನ್ನು ಯೋಚಿಸಿಯೇ ಇರಲಿಲ್ಲ. ಅವರಲ್ಲಿ ಇಬ್ಬರು ಆ ಸಭೆಯಲ್ಲೇ ಇದ್ದರು, ತಲೆ ತಗ್ಗಿಸಿ ಕೂತಿದ್ದರು. ಸಂಘದ ಒಬ್ಬ ಅಕ್ಕ ಸಂಜೆ ತಮ್ಮ ಸಂಘದ ಲೆಕ್ಕವನ್ನು ಅದೇ ಜಗಲಿಯಲ್ಲಿ ಕೂತು ಬರೆಯುತ್ತೇವೆ ಎಂದರು. ಒಂದು ರೂಪಾಯಿ ಖರ್ಚಿಲ್ಲ.

ಕೊನೆಗೆ ಮೂರು ನಿಂತವು. ಜಗಲಿ ಸಂಘದವರಿಗೆ. ಮಕ್ಕಳು ಪುಸ್ತಕ ಮನೆಗೆ ಒಯ್ಯಬಹುದು, ಹಾಳಾದರೆ ಬೈಯುವುದಿಲ್ಲ, ಅಂಟಿಸಿ ಕೊಡಬೇಕು. ಗುಡಿ ಹತ್ತಿರದ ಕಂಬಕ್ಕೆ ದೀಪ. ಕಂಪ್ಯೂಟರ್ ಕೂಡ ಪಟ್ಟಿಯಲ್ಲಿತ್ತು, ಆದರೆ ಬೀಜ ಕಮ್ಮಿ ಬಿತ್ತು.

ಬೀಜದಲ್ಲೇ ಒಂದು ಎಡವಟ್ಟೂ ಆಯಿತು. ಮೊದಲು ಹೋದವರು ಮೇಷ್ಟ್ರು. ಅವರು ಎಲ್ಲಿಟ್ಟರೋ ಹಿಂದೆ ಹೋದ ಮಕ್ಕಳೆಲ್ಲ ಅಲ್ಲೇ ಇಡೋಕೆ ಶುರು ಮಾಡಿದರು. ಅರ್ಧಕ್ಕೆ ನಿಲ್ಲಿಸಿ, ಬೀಜ ಎಲ್ಲ ವಾಪಸ್ ಕೊಟ್ಟು, ಮಕ್ಕಳನ್ನು ಮೊದಲು ಬಿಟ್ಟೆ. ಆಗ ಲೆಕ್ಕವೇ ಬದಲಾಯಿತು.

ಬಣ್ಣದಪೆನ್ಸಿಲ್:
ಇದು ಎಲ್ಲ ಕಡೆ ಆಗುವುದೇ. ಚುಕ್ಕಿ ಸ್ಟಿಕರ್ ಅಂಟಿಸಿ ಮತ ಹಾಕಿಸಿದರೂ ಎಲ್ಲಿ ಜಾಸ್ತಿ ಚುಕ್ಕಿ ಇದೆಯೋ ಅಲ್ಲಿಗೇ ಜನ ಹೋಗುತ್ತಾರೆ. ಮುಂದಿನ ಸಲ ಪ್ರತಿ ಗುಂಪಿನ ಮುಂದೆ ಮುಚ್ಚಳ ಇರುವ ಸ್ಟೀಲ್ ಡಬ್ಬಿ ಇಡಿ, ಮುಚ್ಚಳಕ್ಕೆ ತೂತು. ಒಳಗೆ ಎಷ್ಟಿದೆ ಯಾರಿಗೂ ಕಾಣಬಾರದು.

ಹಳೇಪೇಟೆ:
ಸದ್ದಿನಿಂದ ಗೊತ್ತಾಗುತ್ತದೆ, ಒಳಗೆ ಬಟ್ಟೆ ಹಾಸಿ.

ಇರಲಿ, ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿಯೇ ಆಗಿದೆ. ಜಗಲಿ ವಿಷಯ ಬಾಯಿ ಮಾತಿನ ಸಭೆಯಲ್ಲಿ ಬರುತ್ತಲೇ ಇರಲಿಲ್ಲ, ಒಪ್ಪಿದೆ. ಆದರೆ ದೀಪ ಯಾರ ಜವಾಬ್ದಾರಿ? ‘ಪಂಚಾಯ್ತಿ’ ಅಂತ ಬರೆದಿದ್ದರೆ ಯಾರದೂ ಅಲ್ಲ.

ಹುಣಸೆತೋಪು:
‘ಪಂಚಾಯ್ತಿ’ ಅಂತಲೇ ಬರೆದಿದ್ದೆ, ಸರ್. ಇವತ್ತೇ ತಿದ್ದಿಸುತ್ತೇನೆ. ನಕ್ಷೆ ಬಿಡಿಸಿದ ಹುಡುಗಿಯರು ಅರ್ಜಿ ಬರೆಯುತ್ತಾರೆ, ನಾನು ಪಿಡಿಒ ಟೇಬಲ್‌ಗೆ ಮುಟ್ಟಿಸಿ ಸ್ವೀಕೃತಿ ತರುತ್ತೇನೆ. ಹುಡುಗಿಯರ ನಕ್ಷೆಯ ಫೋಟೊ ಇದೆ, ಅರ್ಜಿ ಜೊತೆ ಲಗತ್ತಿಸಬಹುದಲ್ವಾ?

ಕಟ್ಟೆಪುರಾಣ:
ಲಗತ್ತಿಸು. ದೀಪ ಇಲ್ಲದ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕು, ಕಂಬದ ಮೇಲೆ ನಂಬರ್ ಇದ್ದರೆ ಅದನ್ನೂ ಬರೆ. ಗ್ರಾಮಸಭೆ ಬಂದಾಗ ಅದೇ ಹುಡುಗಿಯರು ಎದ್ದು ಕೇಳಲಿ.